ಕೇಳಿಸದಿರುವುದೂ ಇಲ್ಲದಿರುವುದೂ

ಒಂದು ವಸ್ತು ಅರಿವಿಗೆ ಬಾರದಿದ್ದರೆ ಅದು ಇಲ್ಲವೆಂದು ತೀರ್ಮಾನಿಸಬಹುದೇ, ಕಿವಿಗೆ ಬಿದ್ದ ಸದ್ದನ್ನು ಯಾರೋ ಆಡಿದ ಮಾತೆಂದು ನಂಬಬಹುದೇ ಎಂಬ ಎರಡು ಪ್ರಶ್ನೆಗಳು ಭಾರತೀಯ ದರ್ಶನಗಳಲ್ಲಿ ಶತಮಾನಗಳ ಕಾಲ ಚರ್ಚೆಗೊಳಗಾಗಿವೆ. ಮೊದಲನೆಯದು ಅಭಾವದ ಜ್ಞಾನವನ್ನು ಕುರಿತದ್ದು. ಎರಡನೆಯದು ಶಬ್ದಪ್ರಮಾಣವನ್ನು, ಅಂದರೆ ನಂಬಿಕೆಗೆ ಅರ್ಹನಾದವನ ಮಾತಿನಿಂದ ದೊರೆಯುವ ತಿಳಿವನ್ನು ಕುರಿತದ್ದು. ಹ್ಯಾಮ್‌ಗಳೆಂದು ಕರೆಯಲ್ಪಡುವ ಹವ್ಯಾಸಿ ರೇಡಿಯೊ ಪ್ರಯೋಗಶೀಲರು ಅತಿ ಕಡಿಮೆ ಆವರ್ತಾಂಕದ ಅಲೆಗಳನ್ನು ಆಲಿಸಲು ತೊಡಗಿದಾಗ ಈ ಹಳೆಯ ಪ್ರಶ್ನೆಗಳು ಮತ್ತೆ ಜೀವ ಪಡೆಯುತ್ತವೆ. ಶಿರಾಡಿ ಘಾಟಿಯ ಬುಡದಲ್ಲಿರುವ ಗುಂಡ್ಯದಂಥ ಸ್ಥಳವನ್ನು ಮುಂದಿಟ್ಟುಕೊಂಡು ನೋಡಿದರೆ ಅವು ಇನ್ನಷ್ಟು ಖಚಿತವಾದ ರೂಪ ತಾಳುತ್ತವೆ. ಏಕೆಂದರೆ ಅಲ್ಲಿ ಕೇಳಿಸಬಹುದಾದುದು ಯಾವುದು, ಎಷ್ಟು ಕಾದರೂ ಕೇಳಿಸಲಾರದ್ದು ಯಾವುದು ಎಂಬುದನ್ನು ಆ ಊರಿನ ನೆಲವೂ ಆಕಾಶವೂ ಬಹುಮಟ್ಟಿಗೆ ಮೊದಲೇ ಗೊತ್ತುಮಾಡಿವೆ.

ಸೆಕೆಂಡಿಗೆ 3,000ದಿಂದ 30,000 ಸಲ ಕಂಪಿಸುವ, ಅಂದರೆ 3ರಿಂದ 30 ಕಿಲೋಹರ್ಟ್ಸ್ ಆವರ್ತಾಂಕದ ರೇಡಿಯೊ ಅಲೆಗಳನ್ನು ಅತಿ ಕಡಿಮೆ ಆವರ್ತಾಂಕದ ಅಥವಾ ವಿ.ಎಲ್.ಎಫ್. ಅಲೆಗಳೆನ್ನುತ್ತಾರೆ. ಇವುಗಳಲ್ಲಿ ಒಂದೊಂದು ಅಲೆಯ ಉದ್ದ 10ರಿಂದ 100 ಕಿಲೋಮೀಟರ್. ಅಲೆಯುದ್ದದ ಕಾಲುಭಾಗದಷ್ಟು ಎತ್ತರದ ಆಂಟೆನಾ ಪ್ರಸಾರಕ್ಕೆ ಅನುಕೂಲವೆಂಬ ನಿಯಮವನ್ನು ಇಲ್ಲಿ ಪಾಲಿಸಹೊರಟರೆ 18 ಕಿಲೋಹರ್ಟ್ಸ್‌ಗೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಎತ್ತರದ ಕಂಬ ಬೇಕಾಗುತ್ತದೆ. ಆದುದರಿಂದ ಹವ್ಯಾಸಿಗಳ ಪಾಲಿಗೆ ಪ್ರಸಾರ ಬಹಳ ಕಷ್ಟದ ಕೆಲಸ. 2007ರ ವಿಶ್ವ ರೇಡಿಯೊ ಸಮ್ಮೇಳನವು ಅವರಿಗೆಂದು ಗೊತ್ತುಮಾಡಿದ, ವಿ.ಎಲ್.ಎಫ್.ಗೆ ಸಮೀಪದ ಆವರ್ತಾಂಕಪಟ್ಟಿಯೂ 135.7ರಿಂದ 137.8 ಕಿಲೋಹರ್ಟ್ಸ್‌ನಲ್ಲಿದೆ, ಅಲ್ಲಿ ಹೊರಸೂಸಬಹುದಾದ ಶಕ್ತಿಯ ಮಿತಿ ಕೇವಲ ಒಂದು ವಾಟ್. ಆಲಿಸುವುದಾದರೋ ಸುಲಭ. ಮನುಷ್ಯನ ಕಿವಿ ಹಿಡಿಯುವ ಕಂಪನಗಳ ವ್ಯಾಪ್ತಿ 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ಆಗಿರುವುದರಿಂದ, ಕೆಲವು ಮೀಟರ್ ತಂತಿ, ಒಂದು ಆಂಪ್ಲಿಫೈಯರ್ ಮತ್ತು ಹೆಡ್‌ಫೋನ್ ಇದ್ದರೆ ಸಾಕು. ಗಾಳಿಯಲ್ಲಿ ಎಂದೂ ಸದ್ದಾಗಿರದ ವಿದ್ಯುತ್ಕಾಂತೀಯ ಕಂಪನ ಆವರ್ತಾಂಕವನ್ನು ಬದಲಿಸಿಕೊಳ್ಳದೆಯೇ ಸದ್ದಾಗಿ ಕೇಳಿಸುತ್ತದೆ.

ವಿ.ಎಲ್.ಎಫ್. ಪಟ್ಟಿಯಲ್ಲಿ ನಿಸರ್ಗವೇ ನಡೆಸುವ ಅತಿ ದೊಡ್ಡ ಪ್ರಸಾರವೆಂದರೆ ಸಿಡಿಲು. ಮಳೆಗಾಲಕ್ಕೆ ಮುನ್ನ, ಏಪ್ರಿಲ್ ಮತ್ತು ಮೇ ತಿಂಗಳುಗಳ ಸಂಜೆಗಳಲ್ಲಿ, ಘಟ್ಟದ ತಪ್ಪಲಿನ ಊರುಗಳಿಗೆ ಗುಡುಗು ಸಿಡಿಲುಗಳ ಪರಿಚಯ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಗುಡುಗಿನ ಸದ್ದು ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನೊಳಗೆ ಅಡಗಿಹೋಗುತ್ತದೆ. ಅದೇ ಸಿಡಿಲಿನ ವಿದ್ಯುತ್ಕಾಂತೀಯ ಅಲೆ, ಕೆಳಗೆ ನೆಲ ಮತ್ತು ಮೇಲೆ ಅಯಾನುಗೋಳ, ಅಂದರೆ ಸೂರ್ಯನ ಕಿರಣಗಳಿಂದ ವಿದ್ಯುದಾವೇಶ ಪಡೆದ ವಾಯುಪದರ, ಇವೆರಡರ ನಡುವೆ ಪುಟಿಯುತ್ತ ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಸಿಡಿಲು ಒಂದೇ, ಅದರ ಸುದ್ದಿ ತರುವವರು ಇಬ್ಬರು. ಎರಡನೆಯ ಸುದ್ದಿಗಾರ ಹೆಡ್‌ಫೋನಿನಲ್ಲಿ ಚಟಚಟ ಸದ್ದಾಗಿ ಕೇಳಿಸುತ್ತಾನೆ; ಇದಕ್ಕೆ ಸ್ಫೆರಿಕ್ ಎಂದು ಹೆಸರು. ರಾತ್ರಿಯ ಹೊತ್ತು ಅಯಾನುಗೋಳದ ಕೆಳಪದರ ಕರಗಿದ ಮೇಲೆ ಕೆಲವು ಚಟಪಟಗಳ ತುದಿಗೆ ಕ್ಷಣಮಾತ್ರದ ಇಳಿದನಿಯೊಂದು ಸೇರಿಕೊಳ್ಳುತ್ತದೆ, ಅದು ಟ್ವೀಕ್. ಆ ಇಳಿದನಿ ಯಾವ ಆವರ್ತಾಂಕದಲ್ಲಿ ನಿಲ್ಲುತ್ತದೆ ಎಂಬುದನ್ನು ಅಳೆದು, ಬೆಳಕಿನ ವೇಗದ ಅರ್ಧವಾದ ಸೆಕೆಂಡಿಗೆ 1,50,000 ಕಿಲೋಮೀಟರನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಅಯಾನುಗೋಳದ ಆಗಿನ ಎತ್ತರ ಸಿಗುತ್ತದೆ. ದನಿ 1,700 ಹರ್ಟ್ಸ್‌ನಲ್ಲಿ ನಿಂತರೆ ಎತ್ತರ ಸುಮಾರು 88 ಕಿಲೋಮೀಟರ್. ಮೋಡ ಕವಿದ ಕಣಿವೆಯಲ್ಲಿ ಕುಳಿತವನಿಗೆ ಕಣ್ಣಿಗೆ ಕಾಣದ ಮೇಲ್ಛಾವಣಿಯ ಎತ್ತರ ಒಂದು ಭಾಗಾಕಾರದಿಂದ ತಿಳಿಯುತ್ತದೆ.

ಇಲ್ಲಿ ಆಲಿಸಿದವನಿಗೆ ಆದದ್ದು ಇಂದ್ರಿಯಕ್ಕೆ ನೇರವಾಗಿ ಸಿಕ್ಕ ಪ್ರತ್ಯಕ್ಷವೇ, ಕುರುಹಿನಿಂದ ಊಹಿಸಿದ ಅನುಮಾನವೇ ಎಂಬ ಪ್ರಶ್ನೆ ಏಳುತ್ತದೆ. ನ್ಯಾಯ ಮತ್ತು ವೈಶೇಷಿಕ ದರ್ಶನಗಳ ಪ್ರಕಾರ ಶಬ್ದವು ಆಕಾಶವೆಂಬ ದ್ರವ್ಯದ ಗುಣ. ಅದು ಹುಟ್ಟಿ ಅಳಿಯುವಂಥದ್ದು, ಒಂದು ಶಬ್ದ ಮುಂದಿನ ಶಬ್ದವನ್ನು ಹುಟ್ಟಿಸುತ್ತ ನೀರಿನ ತೆರೆಗಳಂತೆ ಅಥವಾ ಕದಂಬದ ಹೂವಿನ ಎಸಳುಗಳಂತೆ ಹರಡಿ ಕೊನೆಗೆ ಕಿವಿಯನ್ನು ಮುಟ್ಟುತ್ತದೆ. ಮೀಮಾಂಸಕರು ಇದಕ್ಕೆ ವಿರುದ್ಧವಾಗಿ ಶಬ್ದ ನಿತ್ಯವೆಂದೂ ಗಾಳಿಯ ಚಲನೆ ಅದನ್ನು ಪ್ರಕಟಗೊಳಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲವೆಂದೂ ವಾದಿಸಿದರು. ಸದಾ ಸಾಗುತ್ತಿರುವ ಅಲೆಯನ್ನು ಯಂತ್ರ ಪ್ರಕಟಗೊಳಿಸುತ್ತದೆ ಎಂಬ ಕಾರಣಕ್ಕೆ ರೇಡಿಯೊವನ್ನು ಮೀಮಾಂಸಕರ ಪರವಾದ ಸಾಕ್ಷಿಯಾಗಿ ನಿಲ್ಲಿಸುವ ಆಸೆ ಯಾರಿಗಾದರೂ ಹುಟ್ಟಬಹುದು. ಆದರೆ ಮೀಮಾಂಸಕರು ನಿತ್ಯವೆಂದದ್ದು ವರ್ಣಗಳನ್ನು, ಅರ್ಥ ಹೊತ್ತ ಶಬ್ದವನ್ನು. ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಕರಗಿಹೋಗುವ ಸ್ಫೆರಿಕ್‌ಗೂ ಆ ನಿತ್ಯತೆಗೂ ಸಂಬಂಧವಿಲ್ಲ. ಸರಿಯಾಗಿ ವಿಂಗಡಿಸಿದರೆ, ಹೆಡ್‌ಫೋನಿನ ಸದ್ದು ಪ್ರತ್ಯಕ್ಷ. ದೂರದಲ್ಲೆಲ್ಲೋ ಸಿಡಿಲಾಯಿತೆಂಬುದು ಆ ಸದ್ದನ್ನು ಹೇತುವಾಗಿಟ್ಟುಕೊಂಡ ಅನುಮಾನ. 88 ಕಿಲೋಮೀಟರ್ ಎಂಬುದು ಆ ಅನುಮಾನದ ಮೇಲೆ ಕಟ್ಟಿದ ಇನ್ನೊಂದು ಅನುಮಾನ. ಯಂತ್ರವು ಇಂದ್ರಿಯದ ವ್ಯಾಪ್ತಿಯನ್ನು ಹಿಗ್ಗಿಸಿದರೂ ತಿಳಿವಿನ ಬಗೆಗಳನ್ನು ಬೆರೆಸಿಬಿಡುವ ಅಧಿಕಾರ ಅದಕ್ಕಿಲ್ಲ.

ಇರುವ ವಸ್ತು ಏಕೆ ತಿಳಿಯದೆ ಹೋಗುತ್ತದೆ ಎಂಬುದಕ್ಕೆ ಈಶ್ವರಕೃಷ್ಣನ ಸಾಂಖ್ಯಕಾರಿಕೆ ಎಂಟು ಕಾರಣಗಳನ್ನು ಎಣಿಸುತ್ತದೆ: ಅತಿ ದೂರ, ಅತಿ ಸಾಮೀಪ್ಯ, ಇಂದ್ರಿಯದ ಊನ, ಮನಸ್ಸಿನ ಚಂಚಲತೆ, ಸೂಕ್ಷ್ಮತೆ, ಅಡ್ಡಿ, ಪ್ರಬಲವಾದುದರಿಂದ ಮುಚ್ಚಿಹೋಗುವುದು, ಸಮಾನವಾದುದರೊಳಗೆ ಬೆರೆತುಹೋಗುವುದು. ವಿ.ಎಲ್.ಎಫ್. ಆಲಿಸುವವನ ತೊಂದರೆಗಳ ಪಟ್ಟಿಯನ್ನು ಇದಕ್ಕಿಂತ ಚೆನ್ನಾಗಿ ಬರೆಯುವುದು ಕಷ್ಟ. ಸೆಕೆಂಡಿಗೆ 50 ಸಲ ಕಂಪಿಸುವ ಮನೆಬಳಕೆಯ ವಿದ್ಯುತ್ತು 100, 150, 200 ಎಂಬ ಗುಣಕಗಳಲ್ಲಿಯೂ ಗುಂಯ್‌ಗುಟ್ಟುತ್ತ, ಸೂರ್ಯನ ಬೆಳಕು ನಕ್ಷತ್ರಗಳನ್ನು ಮುಚ್ಚುವ ಹಾಗೆ ಕ್ಷೀಣವಾದ ಸದ್ದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಕರೆಂಟಿನ ಲೈನುಗಳಿಂದ ದೂರ ಸರಿಯುವುದೇ ಈ ಪ್ರಯೋಗದ ಮೊದಲ ಪಾಠ, ಕಾಡಂಚಿನ ಊರುಗಳಿಗೆ ಬೆಲೆ ಬರುವುದೂ ಇದರಿಂದಲೇ. ಎತ್ತರದ ಒದ್ದೆ ಮರಗಳು ತಂತಿ ಆಂಟೆನಾಕ್ಕೆ ತಲುಪಬೇಕಾದ ವಿದ್ಯುತ್ ಕ್ಷೇತ್ರವನ್ನು ತಾವೇ ಹೀರಿಕೊಂಡು ಅಡ್ಡಿಯಾಗುತ್ತವೆ. ಹೀಗಾಗಿ ಕಾಡಿನ ನಡುವಿಗಿಂತ ಹೊಳೆಯ ಬಯಲು ವಾಸಿ. ಬೇಲಿಗೆ ಹಾಯಿಸಿದ ವಿದ್ಯುತ್ತಿನ ಟಕ್‌ಟಕ್ ಸದ್ದಾದರೋ ಸ್ಫೆರಿಕ್‌ಗಳ ನಡುವೆ ಬೆರೆತು, ತನ್ನ ತಾಳ ತಪ್ಪದ ಕ್ರಮದಿಂದ ಮಾತ್ರ ಸಿಕ್ಕಿಬೀಳುತ್ತದೆ.

ಈ ಎಂಟು ಅಡ್ಡಿಗಳನ್ನು ನಿವಾರಿಸಿದ ಮೇಲೂ ಗುಂಡ್ಯದಲ್ಲಿ ಕೇಳಿಸದೆ ಉಳಿಯುವ ಒಂದು ದನಿಯಿದೆ. ಸಿಡಿಲಿನ ಶಕ್ತಿಯ ಒಂದು ಪಾಲು ಅಯಾನುಗೋಳವನ್ನು ದಾಟಿ, ಭೂಮಿಯ ಕಾಂತರೇಖೆಗಳ ಗುಂಟ ಸಾವಿರಾರು ಕಿಲೋಮೀಟರ್ ಮೇಲೇರಿ ಇನ್ನೊಂದು ಗೋಳಾರ್ಧದಲ್ಲಿ ಇಳಿಯುವಾಗ, ಮೇಲಿನ ಆವರ್ತಾಂಕಗಳು ಮೊದಲು, ಕೆಳಗಿನವು ತಡವಾಗಿ ತಲುಪಿ ನಿಧಾನವಾಗಿ ಇಳಿಯುವ ಸೀಟಿಯಂತೆ ಕೇಳಿಸುತ್ತವೆ. ಇದನ್ನು ವಿಸ್ಲರ್ ಎನ್ನುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಶತ್ರುಗಳ ಟೆಲಿಫೋನ್ ಮಾತುಗಳನ್ನು ಕದ್ದು ಕೇಳುತ್ತಿದ್ದ ಜರ್ಮನ್ ಸೈನಿಕರು ಇದನ್ನು ಹಾರುವ ಗ್ರೆನೇಡುಗಳ ಸದ್ದೆಂದು ಭಾವಿಸಿದ್ದರು. ಹೈನ್‌ರಿಖ್ ಬಾರ್ಕ್‌ಹೌಸೆನ್ 1919ರಲ್ಲಿ ಇದರ ಬಗ್ಗೆ ಬರೆದ, ಕೇಂಬ್ರಿಜ್‌ನ ಓವನ್ ಸ್ಟೋರಿ 1953ರಲ್ಲಿ ಅದರ ದಾರಿಯನ್ನು ವಿವರಿಸಿದ. ಭಾರತದ ದಕ್ಷಿಣ ತುದಿಯ ಬಳಿ ಕಾಂತೀಯ ಸಮಭಾಜಕ ಹಾದುಹೋಗುತ್ತದೆ. ತುಂಬಾ ಎಂಬ ಊರಿನಲ್ಲಿ 1963ರಲ್ಲಿ ರಾಕೆಟ್ ಉಡಾವಣಾ ಕೇಂದ್ರ ಆರಂಭವಾದದ್ದೂ ಆ ಕಾರಣಕ್ಕೇ. ಕಾಂತೀಯ ಸಮಭಾಜಕಕ್ಕೆ ಸಮೀಪವಿರುವ ಗುಂಡ್ಯದಲ್ಲಿ ಕಾಂತರೇಖೆಗಳು ಹೆಚ್ಚು ಮೇಲೇರದೆ ಬಹುಮಟ್ಟಿಗೆ ನೆಲಕ್ಕೆ ಸಮಾನಾಂತರವಾಗಿ ಮಲಗಿರುವುದರಿಂದ, ಉತ್ತರದ ವಾರಾಣಸಿ, ನೈನಿತಾಲ್, ಗುಲ್ಮಾರ್ಗ್‌ಗಳಲ್ಲಿ ದಾಖಲಾಗಿರುವ ವಿಸ್ಲರ್ ಇಲ್ಲಿಗೆ ಇಳಿದುಬರಲು ದಾರಿಯೇ ಇಲ್ಲ.

ಅನುಪಲಬ್ಧಿ, ಅಂದರೆ ಅರಿವಿಗೆ ಬಾರದಿರುವುದು, ಸ್ವತಂತ್ರ ಪ್ರಮಾಣವೆಂದು ಕುಮಾರಿಲ ಭಟ್ಟನ ಅನುಯಾಯಿಗಳೂ ಅದ್ವೈತಿಗಳೂ ಒಪ್ಪಿದರು. ನೈಯಾಯಿಕರು ಅದನ್ನು ಬೇರೆ ಪ್ರಮಾಣವೆನ್ನಲಿಲ್ಲ. ಆದರೆ ಒಂದು ನಿಯಮದಲ್ಲಿ ಈ ಪಕ್ಷಗಳಿಗೆ ಭೇದವಿಲ್ಲ: ಇದ್ದಿದ್ದರೆ ಖಂಡಿತವಾಗಿ ತಿಳಿಯುತ್ತಿತ್ತು ಎನ್ನುವಂತಿರುವಾಗ ಮಾತ್ರ ತಿಳಿಯದಿರುವುದರಿಂದ ಇಲ್ಲವೆಂಬ ತೀರ್ಮಾನಕ್ಕೆ ಬರಬಹುದು. ಬೆಳಕಿನಲ್ಲಿ ನೆಲದ ಮೇಲೆ ಕೊಡ ಕಾಣದಿದ್ದರೆ ಕೊಡವಿಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಗುಂಡ್ಯದಲ್ಲಿ ರಾತ್ರಿಯಿಡೀ ಕುಳಿತು ವಿಸ್ಲರ್ ಕೇಳಿಸಲಿಲ್ಲವೆಂದು ಅಂಥ ದನಿಯೇ ಜಗತ್ತಿನಲ್ಲಿಲ್ಲವೆಂದವನು ಕತ್ತಲಲ್ಲಿ ಕೊಡ ಹುಡುಕಿದವನು. ಅದೇ ರಾತ್ರಿ, ಕೆಲಸ ಮಾಡುತ್ತಿರುವ ಅದೇ ಉಪಕರಣದಲ್ಲಿ ಸ್ಫೆರಿಕ್‌ಗಳು ಒಂದೂ ಕೇಳಿಸದೆ ಹೋದರೆ ಮಾತ್ರ ಆ ಮೌನಕ್ಕೆ ಅರ್ಥವಿದೆ. ದೇವರ ಇರುವಿಕೆಯ ಕುರಿತ ವಾದಗಳಲ್ಲಿ ಈ ನಿಯಮಕ್ಕೆ ಎರಡಂಚು ಇದೆ. ಯಾವ ಉಪಕರಣಕ್ಕೂ ಸಿಗಲಿಲ್ಲ ಎನ್ನುವ ನಾಸ್ತಿಕ, ಆ ಉಪಕರಣಕ್ಕೆ ಸಿಗಬೇಕಾದ ವಸ್ತು ಅದಾಗಿತ್ತೆಂದು ಮೊದಲು ತೋರಿಸಬೇಕು; ಇಂದ್ರಿಯಕ್ಕೆ ಅತೀತವೆನ್ನುವ ಆಸ್ತಿಕ, ಉಪಕರಣದಲ್ಲಿ ಕೇಳಿಸಿದ ಸದ್ದನ್ನು ತನ್ನ ಪರವಾದ ಸಾಕ್ಷಿಯಾಗಿ ತರುವ ಹಕ್ಕನ್ನು ಅದೇ ಮಾತಿನಿಂದ ಕಳೆದುಕೊಂಡಿರುತ್ತಾನೆ.

ಈ ಎರಡನೆಯ ತಪ್ಪು ಇತ್ತೀಚೆಗೆ ಹೆಚ್ಚು ಬಳಕೆಯಲ್ಲಿದೆ. ನೆಲ ಮತ್ತು ಅಯಾನುಗೋಳಗಳ ನಡುವಿನ ಅವಕಾಶ ಸಿಡಿಲುಗಳ ಶಕ್ತಿಯಿಂದ ಸುಮಾರು 7.8 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ; ಇಂಥ ಅನುರಣನ ಇರಬೇಕೆಂದು ವಿನ್‌ಫ್ರೀಡ್ ಶೂಮನ್ 1952ರಲ್ಲಿ ಲೆಕ್ಕ ಹಾಕಿದ. ಇದನ್ನು ಭೂಮಿಯ ಓಂಕಾರವೆಂದೂ ಯೋಗಿಗಳ ಅನಾಹತ ನಾದವೆಂದೂ ಹೇಳುವುದುಂಟು. 7.8 ಹರ್ಟ್ಸ್ ಕಿವಿಯ ಮಿತಿಗಿಂತ ಕೆಳಗಿದೆ, ಅದು ಗಾಳಿಯ ಕಂಪನವೂ ಅಲ್ಲ, ಮೇಲಾಗಿ ಅದರ ಮೂಲ ಸಿಡಿಲಿನ ಹೊಡೆತ. ಪೆಟ್ಟಿಲ್ಲದೆ ಒಳಗೇ ಮೊಳಗುವ ನಾದವೆಂದು ಸಾಧಕರು ಹೇಳುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಮಧ್ವಾಚಾರ್ಯರ ತಮ್ಮ ವಿಷ್ಣುತೀರ್ಥರ ಪರಂಪರೆಯದಾದ ಸುಬ್ರಹ್ಮಣ್ಯ ಮಠ ಗುಂಡ್ಯಕ್ಕೆ ಸಮೀಪದಲ್ಲೇ ಇದೆ. ಆ ದ್ವೈತ ಸಂಪ್ರದಾಯದಲ್ಲಿ ಸುಖದುಃಖ ಮೊದಲಾದ ಒಳಗಿನ ಅನುಭವಗಳನ್ನು ನೇರವಾಗಿ ಅರಿಯುವ ಸಾಕ್ಷಿಯೆಂಬುದು ಆತ್ಮಸ್ವರೂಪವೇ ಆದ ಇಂದ್ರಿಯ, ಹೊರಗಿನ ಸದ್ದನ್ನು ಹಿಡಿಯುವ ಕಿವಿ ಬೇರೆ. ಒಳಗಿನದನ್ನು ಹೊರಗಿನ ಸಂಖ್ಯೆಯಿಂದ ಸಮರ್ಥಿಸಹೊರಟರೆ ಎರಡರ ಘನತೆಯೂ ಕುಗ್ಗುತ್ತದೆ.

ಸದ್ದಿಗೂ ಮಾತಿಗೂ ಇರುವ ಅಂತರ ಇನ್ನೊಂದು. ಅನ್ನಂಭಟ್ಟನ ತರ್ಕಸಂಗ್ರಹ ಶಬ್ದವನ್ನು ಭೇರಿಯಂಥವುಗಳ ಧ್ವನಿ ಮತ್ತು ಭಾಷೆಯ ವರ್ಣ ಎಂದು ಎರಡಾಗಿ ವಿಂಗಡಿಸುತ್ತದೆ. ವಿ.ಎಲ್.ಎಫ್.ನಲ್ಲಿ ಇವೆರಡೂ ಇವೆ. ತಿರುನೆಲ್ವೇಲಿ ಬಳಿಯ ವಿಜಯನಾರಾಯಣಂನಲ್ಲಿರುವ ನೌಕಾಪಡೆಯ ಐ.ಎನ್.ಎಸ್. ಕಟ್ಟಬೊಮ್ಮನ್ ಕೇಂದ್ರ 18.2 ಕಿಲೋಹರ್ಟ್ಸ್‌ನಲ್ಲಿ ಕಡಲೊಳಗಿನ ಸಬ್‌ಮರೀನುಗಳಿಗೆ ಸಂದೇಶ ಕಳಿಸುತ್ತದೆ. ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಗುಂಡ್ಯಕ್ಕೆ ಅದರ ಅಲೆ ತಲುಪಿದರೂ, ಅದರೊಳಗಿನ ಮಾತು ಯಾರಿಗಾಗಿಯೋ ಅವರಿಗೆ ಮಾತ್ರ. ಸೂರ್ಯನಲ್ಲಿ ಜ್ವಾಲೆ ಸಿಡಿದಾಗ ಹಗಲಿನ ಅಯಾನುಗೋಳ ಬದಲಾಗಿ ಆ ಅಲೆಯ ಬಲ ಹಠಾತ್ತನೆ ಏರುಪೇರಾಗುವುದನ್ನು ಹವ್ಯಾಸಿ ಗುರುತಿಸಬಲ್ಲ, ಆಷಾಢದ ಮೋಡದಡಿಯಲ್ಲಿದ್ದರೂ. ಹೀಗೆ ಮಾತು ಅರ್ಥವಾಗದೆಯೂ ಧ್ವನಿಯಿಂದ ತಿಳಿವು ಹುಟ್ಟುತ್ತದೆ. ಆ ತಿಳಿವು ಅನುಮಾನವೇ ಹೊರತು ಯಾರ ಉಪದೇಶವೂ ಅಲ್ಲ.

ತುಳುನಾಡಿನ ದೈವಾರಾಧನೆಗೆ ಸದ್ದನ್ನೂ ಮಾತನ್ನೂ ಬೇರ್ಪಡಿಸುವ ಈ ವಿವೇಕ ಹೊಸದಲ್ಲ. ದೈವ ಕಟ್ಟುವವನು ಎಣ್ಣೆಬೂಳ್ಯವೆಂಬ ಎಣ್ಣೆ ವೀಳ್ಯಗಳನ್ನು ಪಡೆದು, ದೈವದ ಕಥನಗೀತೆಯಾದ ಪಾಡ್ದನ ಹೇಳಿ, ಬಣ್ಣ ಹಚ್ಚಿ, ಕಾಲಿಗೆ ಗಗ್ಗರವೆಂಬ ಗೆಜ್ಜೆ ಕಟ್ಟಿ ಆವೇಶಗೊಂಡ ಮೇಲೆ ಅವನ ಬಾಯಿಂದ ಬರುವುದು ದೈವದ ನುಡಿ. ಅದಕ್ಕೆ ಮುಂಚೆ ಅದೇ ಗಂಟಲಿನಿಂದ ಬಂದದ್ದು ಮನುಷ್ಯನ ಮಾತು. ಸದ್ದಿನ ಗುಣದಲ್ಲಿ ವ್ಯತ್ಯಾಸವಿಲ್ಲದಿದ್ದರೂ ಸ್ಥಳ, ಕಾಲ, ವ್ರತ, ಕಟ್ಟುಕಟ್ಟಳೆಗಳು ಅದರ ಅಧಿಕಾರವನ್ನು ನಿರ್ಧರಿಸುತ್ತವೆ. ಆ ನುಡಿ ಸತ್ಯವೇ ಎಂಬುದನ್ನು ಯಾವ ಆಂಟೆನಾವೂ ಹೇಳಲಾರದು. ಆದರೆ ಅಸಾಮಾನ್ಯವಾಗಿ ಕೇಳಿಸಿದ್ದೆಲ್ಲ ದೈವವಾಣಿಯಲ್ಲವೆಂಬ ಎಚ್ಚರ ಆ ಕಟ್ಟಳೆಯೊಳಗೇ ಇದೆ.

ಹ್ಯಾಮ್‌ಗಳು ಲಾಗ್‌ಬುಕ್ ಎಂಬ ದಿನಚರಿಯಲ್ಲಿ ವೇಳೆ, ಸ್ಥಳ, ಉಪಕರಣ, ಅಡಚಣೆಗಳನ್ನು ಬರೆದಿಡುತ್ತಾರೆ. ಏನೂ ಕೇಳಿಸಲಿಲ್ಲ ಎಂಬ ಸಾಲಿಗೂ ಈ ವಿವರಗಳು ಜೊತೆಗಿದ್ದರೆ ಅದು ಜ್ಞಾನ, ಇಲ್ಲದಿದ್ದರೆ ಬರಿಯ ಹೇಳಿಕೆ. ಧರ್ಮದ ಚರ್ಚೆಗೆ ಈ ಪ್ರಯೋಗಗಳಿಂದ ಸಲ್ಲುವುದು ಇಷ್ಟೇ, ಅದು ಸಣ್ಣದೂ ಅಲ್ಲ: ಕೇಳಿದೆನೆನ್ನುವವನೂ ಕೇಳಿಸಲಿಲ್ಲವೆನ್ನುವವನೂ ತಾನು ಎಲ್ಲಿ ಕುಳಿತು, ಯಾವುದರಿಂದ, ಯಾವ ಅಡ್ಡಿಗಳ ನಡುವೆ ಆಲಿಸಿದನೆಂಬುದನ್ನು ಮೊದಲು ಹೇಳಬೇಕು, ಅದನ್ನು ಹೇಳದೆ ಇದೆ ಎಂದರೂ ಇಲ್ಲ ಎಂದರೂ ಆ ಮಾತಿಗೆ ಪ್ರಮಾಣದ ಪಟ್ಟ ಸಲ್ಲುವುದಿಲ್ಲ.