ಹಿಟ್ಟಿನ ಕೋಳಿಯೂ ಕಾಗದದ ಗುರಿಯೂ

ಶ್ರಾವಕನು ತನ್ನ ಮನೆಯಲ್ಲಿ ಯಾವ ವಸ್ತುವನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಇನ್ನೊಬ್ಬರ ಕೈಗೆ ಕೊಡಬಹುದು ಎಂಬುದನ್ನು ನಮ್ಮ ಆಚಾರ್ಯರು ವಿಸ್ತಾರವಾಗಿ ವಿಚಾರಿಸಿದ್ದಾರೆ. ಆದರೆ ಹದಿನಾಲ್ಕು ವರ್ಷದ ಮೊಮ್ಮಗಳು ಪರ್ಯುಷಣದ ಮರುವಾರವೇ ಬಂದು, ಗುರಿ ಹೊಡೆಯುವ ಆಟಕ್ಕಾಗಿ ತನಗೊಂದು ಏರ್ ಪಿಸ್ತೂಲು ಬೇಕೆಂದು ಕೇಳಿದರೆ ಕಪಾಟಿನ ಗ್ರಂಥಗಳಿಂದ ನೇರವಾದ ಉತ್ತರ ದೊರೆಯುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಇದೇ ಆಟದಲ್ಲಿ ಕಂಚಿನ ಪದಕ ಪಡೆದದ್ದನ್ನೂ, ಎರಡು ದಿನಗಳ ನಂತರ ಸರಬ್ಜೋತ್ ಸಿಂಗ್‌ರೊಡನೆ ಮತ್ತೊಂದನ್ನು ಗೆದ್ದದ್ದನ್ನೂ ಅವಳು ದೂರದರ್ಶನದಲ್ಲಿ ಕಂಡಿದ್ದಳು. ನಾನು ಸುಮ್ಮನಿದ್ದುದನ್ನು ನೋಡಿ, "ಅಜ್ಜಾ, ಕಾಗದಕ್ಕೆ ಜೀವ ಇದೆಯೇನು?" ಎಂದಳು. ಆ ಪ್ರಶ್ನೆಗೆ ಕೂಡಲೇ ಉತ್ತರಿಸಲು ನನ್ನಿಂದ ಆಗಲಿಲ್ಲ. ಅದಕ್ಕೆ ಕಾರಣವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ನಮ್ಮ ತಂದೆಯವರದು ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಬಗೆಯ ಅನರ್ಥದಂಡಗಳನ್ನು ಹೇಳುವಾಗ ಹಿಂಸಾದಾನವನ್ನೂ ಸೇರಿಸಿದ್ದಾರೆ. ಕೊಡಲಿ, ಖಡ್ಗ, ಗುದ್ದಲಿ, ಸಂಕಲೆ ಮೊದಲಾದ ಹಿಂಸೋಪಕರಣಗಳನ್ನು ಪರರಿಗೆ ಕೊಡುವುದೇ ಅದು. ಕೊಡಲಿ ಗುದ್ದಲಿಗಳನ್ನು ಮಾರಿಯೇ ಹೊಟ್ಟೆ ಹೊರೆಯುತ್ತಿದ್ದ ಮನೆಗೆ ಇದು ಸಣ್ಣ ಸಂಕಟವಲ್ಲ. ನಾನು ಬಿ.ಕಾಂ. ಮುಗಿಸಿ ಗಲ್ಲೆಯ ಮೇಲೆ ಕುಳಿತ ಹೊಸದರಲ್ಲಿ, ಇಲಿಯ ಕತ್ತು ಮುರಿಯುವ ಸ್ಪ್ರಿಂಗಿನ ಬೋನುಗಳನ್ನು ಆರು ಡಜನ್ ತರಿಸಿದೆ. ತಂದೆಯವರು ಮರುದಿನವೇ ಸಾಗಣೆಯ ಖರ್ಚನ್ನೂ ತಾವೇ ಹೊತ್ತು ಅವನ್ನು ಹಿಂದಕ್ಕೆ ಕಳಿಸಿದರು. ಕೊಡಲಿಯನ್ನು ಮಾರಬಹುದಾದರೆ ಇದನ್ನೇಕೆ ಮಾರಬಾರದೆಂದು ನಾನು ವಾದಿಸಿದ್ದಕ್ಕೆ, ಕೊಡಲಿಗೆ ಹೊಲದಲ್ಲಿ ಬೇರೆ ಕೆಲಸವಿದೆ, ಇದಕ್ಕೆ ಬೇರೆ ಕೆಲಸವಿಲ್ಲ ಎಂದಷ್ಟೇ ಹೇಳಿದರು. ಅವರು ಶಾಸ್ತ್ರ ಓದಿದವರಲ್ಲ. ಆದರೂ ವಸ್ತುವಿಗೆ ಹಿಂಸೆಯ ಹೊರತು ಬೇರೆ ಉದ್ಯೋಗವುಂಟೇ ಎಂದು ಕೇಳುವ ಆ ಒರೆಗಲ್ಲಿಗಿಂತ ಉತ್ತಮವಾದುದನ್ನು ನಾನು ಇಂದಿನವರೆಗೂ ಕಂಡಿಲ್ಲ.

ಅವರು ತೀರಿಕೊಂಡ ಕೆಲವು ವರ್ಷಗಳ ಮೇಲೆ ಆ ಒರೆಗಲ್ಲನ್ನು ನಾನೇ ಮರೆತೆ. ಜಾತ್ರೆಯಲ್ಲಿ ಬಲೂನಿಗೆ ಗುರಿ ಹೊಡೆಸುವವನೊಬ್ಬನು ಸೀಸದ ಛರ್ರೆಗಳ ಡಬ್ಬಿಗಳನ್ನು ತರಿಸಿಕೊಡಲು ಕೇಳಿದನು. ತರಿಸಿದೆ. ಉಳಿದ ಡಬ್ಬಿಗಳನ್ನು ಕಪಾಟಿನಲ್ಲಿಟ್ಟೆ. ಒಂದು ಡಬ್ಬಿಯನ್ನು ನಮ್ಮ ಬೀದಿಯ ಹುಡುಗನೊಬ್ಬನು ಒಯ್ದನು. ಏತಕ್ಕೆಂದು ನಾನು ಕೇಳಲಿಲ್ಲ. ಆ ವಾರದಲ್ಲಿಯೇ ಬಸದಿಯ ಪ್ರಾಕಾರದಲ್ಲಿ ಮೂರು ಪಾರಿವಾಳಗಳು ಸತ್ತು ಬಿದ್ದಿದ್ದವು. ಒಂದರ ಎದೆಯಿಂದ ಪುರೋಹಿತರು ತೆಗೆದು ತೋರಿಸಿದ ಛರ್ರೆಯನ್ನು ಗುರುತಿಸಲು ನನಗೆ ಕನ್ನಡಕ ಬೇಕಾಗಲಿಲ್ಲ. ಉಳಿದ ಡಬ್ಬಿಗಳನ್ನು ಕರಗಿಸಿಬಿಟ್ಟೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಈ ಪುಟಗಳಲ್ಲಿಯೇ ಮೊದಲು ಹೇಳುತ್ತಿದ್ದೇನೆ.

ಆದ್ದರಿಂದ ಕಾಗದಕ್ಕೆ ಜೀವವಿಲ್ಲವೆಂಬ ಮಾತಿನಿಂದ ನನಗೆ ಸಮಾಧಾನವಾಗುವಂತಿರಲಿಲ್ಲ. ಕಾಗದದ ಪಕ್ಕದಲ್ಲಿ ಮರವಿರುತ್ತದೆ, ಮರದಲ್ಲಿ ಗುಬ್ಬಿಯಿರುತ್ತದೆ. ಅರ್ಧ ಗ್ರಾಮಿನ ಛರ್ರೆಯು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಐದೂವರೆ ಜೂಲಿನಷ್ಟಾಗುತ್ತದೆಂದು ವಾಣಿಜ್ಯಶಾಸ್ತ್ರದ ಪದವೀಧರನಾದ ನನಗೆ ಮೊಮ್ಮಗಳೇ ಲೆಕ್ಕ ಮಾಡಿ ತೋರಿಸಿದಳು. 2016ರ ಆಯುಧ ನಿಯಮಗಳು ಪರವಾನಗಿಯಿಲ್ಲದ ಗಾಳಿ ಆಯುಧಕ್ಕೆ 4.5 ಮಿಲಿಮೀಟರ್ ವ್ಯಾಸವನ್ನೂ 20 ಜೂಲ್ ಶಕ್ತಿಯನ್ನೂ ಮಿತಿಯಾಗಿ ಇಟ್ಟಿವೆ. ಐದೂವರೆ ಜೂಲು ಕಾನೂನಿನ ದೃಷ್ಟಿಯಲ್ಲಿ ಅಲ್ಪವಾದುದು. ಗುಬ್ಬಿಯ ದೃಷ್ಟಿಯಲ್ಲಿ ಅಲ್ಪವಲ್ಲ. ಅರುಣಾಚಲ ಪ್ರದೇಶದಲ್ಲಿ ಏರ್‌ಗನ್ನುಗಳಿಂದ ಕಾಡಿನ ಪಕ್ಷಿಗಳೇ ವಿರಳವಾಗುತ್ತ ಬಂದುದರಿಂದ ಅಲ್ಲಿಯ ಸರ್ಕಾರವು 2021ರ ಮಾರ್ಚಿನಲ್ಲಿ ಅವುಗಳನ್ನು ಸ್ವಇಚ್ಛೆಯಿಂದ ಒಪ್ಪಿಸುವ ಅಭಿಯಾನವನ್ನು ಆರಂಭಿಸಿತು. ಎರಡು ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಜನರು ತಂದೊಪ್ಪಿಸಿದರು. ಬೇಟೆಯೇ ಬದುಕಿನ ಅಂಗವಾಗಿದ್ದ ಸೀಮೆಯ ಜನರು ಇಷ್ಟನ್ನು ಮಾಡಿದ ಮೇಲೆ, ಅಹಿಂಸೆಯನ್ನು ಕುಲಧರ್ಮವೆಂದು ಹೇಳಿಕೊಳ್ಳುವ ನಾವು ಹೊಸದಾಗಿ ಒಂದನ್ನು ಕೊಂಡು ತರುವುದೇ?

ಆದರೂ ನೋಡದೆ ನಿರಾಕರಿಸುವುದು ವಿಚಾರವಲ್ಲವೆಂದು ಬಗೆದು ಅವಳೊಡನೆ ಶೂಟಿಂಗ್ ಕ್ಲಬ್ಬಿಗೆ ಹೋದೆ. ಕೊಳ್ಳುವ ಮುನ್ನ ಸರಕನ್ನು ಕೈಯಲ್ಲಿ ಹಿಡಿದು ನೋಡುವುದು ವ್ಯಾಪಾರಿಯ ಅಭ್ಯಾಸವೂ ಹೌದು.

ಅಲ್ಲಿ ಮೊದಲು ಕೊಟ್ಟದ್ದು ಕಾರ್ಬನ್ ಡೈಆಕ್ಸೈಡ್ ಅನಿಲದ ಸಣ್ಣ ಸಿಲಿಂಡರಿನಿಂದ ನಡೆಯುವ ಪಿಸ್ತೂಲು. ನೋಡಲು ಥೇಟು ಪೊಲೀಸರದ್ದರಂತೆ. ಉಕ್ಕಿನ ಗುಂಡುಗಳನ್ನು ಒಂದರ ಹಿಂದೊಂದು ಉಗುಳುತ್ತದೆ. ತಗಡಿನ ಡಬ್ಬಿಗಳು ಸಾಲಾಗಿ ಉರುಳುತ್ತವೆ. ಗಟ್ಟಿಯಾದ ಫಲಕಕ್ಕೆ ತಾಗಿದ ಉಕ್ಕಿನ ಗುಂಡು ಹಿಂದಕ್ಕೆ ಪುಟಿಯುವುದೂ ಉಂಟು, ಕಣ್ಣಿಗೆ ರಕ್ಷಣೆಯಿಲ್ಲದೆ ನಿಲ್ಲುವಂತಿಲ್ಲ. ಹವೆ ತಂಪಾದರೆ ಅನಿಲದ ಒತ್ತಡ ಕುಗ್ಗಿ ಗುರಿ ತಗ್ಗುತ್ತದೆ. ಹುಡುಗಿಗೆ ಅತ್ಯಂತ ಸಂತೋಷವಾದದ್ದು ಇದರಿಂದಲೇ. ನಕ್ಕಳು, ಕೇಕೆ ಹಾಕಿದಳು. ಹತ್ತು ನಿಮಿಷಗಳಲ್ಲಿ ಬೇಸರವೂ ಬಂದಿತು.

ಎರಡನೆಯದು ಸ್ಪ್ರಿಂಗಿನದು. ನಳಿಗೆಯನ್ನು ಮುರಿದಂತೆ ಬಗ್ಗಿಸಿ ಬಿಗಿ ಮಾಡಬೇಕು. ಕುದುರೆಯನ್ನು ಎಳೆದೊಡನೆ ಒಳಗಿನ ಕೊಂತವು ಮುನ್ನುಗ್ಗುವುದರಿಂದ, ಛರ್ರೆಯು ನಳಿಗೆಯನ್ನು ಬಿಡುವ ಮೊದಲೇ ಪಿಸ್ತೂಲು ಅಲುಗುತ್ತದೆ. ಅಗ್ಗವಾದುದು, ಬಹುಕಾಲ ಬಾಳುತ್ತದೆ. ಆದರೆ ಕಲಿಯುವವರಿಗೆ ತಪ್ಪು ತನ್ನದೋ ಯಂತ್ರದ್ದೋ ಎಂದು ತಿಳಿಯದಂತಾಗುತ್ತದೆ.

ಮೂರನೆಯದು ಒಂದೇ ಬಾರಿ ಸನ್ನೆಯನ್ನು ಎಳೆದು ಗಾಳಿಯನ್ನು ಒತ್ತುವ ಬಗೆಯದು. ರಷ್ಯದ ಇಜೆವ್ಸ್ಕ್‌ನ ಕಾರ್ಖಾನೆಯು ಮಾಡುತ್ತಿದ್ದ ಬೈಕಲ್ 46 ಎಂಬುದು ಈ ಬಗೆಯಲ್ಲಿ ಹೆಸರಾದುದು. ಪ್ರತಿ ಹೊಡೆತಕ್ಕೂ ಒಮ್ಮೆ ಶ್ರಮಪಡಬೇಕು, ಒಂದೇ ಛರ್ರೆಯನ್ನಿಡಬೇಕು. ಪ್ರತಿ ಸಲವೂ ಒತ್ತಡವು ಒಂದೇ ಸಮನಾಗಿರುತ್ತದೆ, ಅಲುಗಾಟವಿಲ್ಲವೆಂದೇ ಹೇಳಬೇಕು. ಇದಕ್ಕೂ ಮೇಲಾದ ಸ್ಪರ್ಧೆಯ ಪಿಸ್ತೂಲುಗಳು, ಅಂದರೆ ಸ್ಟೈರ್, ಫೈನ್‌ವೆರ್ಕ್‌ಬೌ, ಮೊರಿನಿ ಮುಂತಾದವು, ಮೊದಲೇ ತುಂಬಿಸಿದ ಗಾಳಿಯ ಕೊಳವೆಯಿಂದ ನಡೆಯುತ್ತವೆ. ಬೆಲೆ ಲಕ್ಷವನ್ನು ಮೀರುತ್ತದೆ. ಆ ವಿಷಯವನ್ನು ಅಲ್ಲಿಗೇ ಬಿಟ್ಟೆವು; ಪರಿಗ್ರಹ ಪರಿಮಾಣದ ವ್ರತವೂ ಒಂದಿದೆಯಲ್ಲ.

ತರಬೇತುದಾರರು ಹೇಳಿದ ಮಾತು ನನಗೆ ಹಿಡಿಸಿತು. ಸಂತೋಷ ಕೊಡುವ ಪಿಸ್ತೂಲು ಯಾವುದೆಂಬುದು ಮೊದಲನೆಯ ದಿನ ತಿಳಿಯುವುದಿಲ್ಲವಂತೆ. ಮರದ ಹಿಡಿಯು ಅಂಗೈಗೆ ಸರಿಹೊಂದಬೇಕು. ಹಿಡಿ ದೊಡ್ಡದಾದರೆ ಬೆರಳು ಕುದುರೆಯನ್ನು ಓರೆಯಾಗಿ ಎಳೆಯುತ್ತದೆ. ಒಂದೇ ಕೈಯನ್ನು ನೀಡಿ ಹಿಡಿಯಬೇಕಾದ ಆಟವಾದ್ದರಿಂದ, ನಿಯಮವು 1500 ಗ್ರಾಮಿನವರೆಗೆ ತೂಕವನ್ನು ಒಪ್ಪಿದರೂ ಮಕ್ಕಳಿಗೆ ಒಂದು ಕಿಲೋ ಕೂಡ ಭಾರವೇ. ಕುದುರೆಯ ಎಳೆತವು 500 ಗ್ರಾಮಿಗಿಂತ ಕಡಿಮೆಯಿರಕೂಡದು. ಆ 500 ಗ್ರಾಮನ್ನು ದಾಟುವ ಕ್ಷಣವು ಗಾಜಿನ ಕಡ್ಡಿ ಮುರಿದಂತೆ ಸ್ವಚ್ಛವಾಗಿರಬೇಕು. ಸ್ಪರ್ಧೆಯಲ್ಲಿ 60 ಹೊಡೆತಗಳಿಗೆ 75 ನಿಮಿಷ, ಅಂದರೆ ಒಂದಕ್ಕೆ ಒಂದೂಕಾಲು ನಿಮಿಷ. ಹತ್ತು ಮೀಟರ್ ದೂರದಲ್ಲಿರುವ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಒಂದು ರೂಪಾಯಿ ನಾಣ್ಯದ ಸುಮಾರು ಅರ್ಧ.

ಇಲ್ಲಿ ಸಂತೋಷವೆಂಬ ಶಬ್ದದ ಮೇಲೆಯೇ ಸ್ವಲ್ಪ ನಿಲ್ಲಬೇಕು. ರೌದ್ರಧ್ಯಾನದ ನಾಲ್ಕು ಪ್ರಭೇದಗಳಲ್ಲಿ ಮೊದಲನೆಯದನ್ನು ಹಿಂಸಾನಂದವೆಂದು ಹೇಳಿದ್ದಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣದ ವಿಯೋಗಕ್ಕಿಂತ ಮುಂಚೆ ಪ್ರಮತ್ತಯೋಗವನ್ನು ಇಟ್ಟಿದ್ದಾರೆ. ಅಮೃತಚಂದ್ರಸೂರಿಗಳು ಇನ್ನೂ ಮುಂದೆ ಹೋಗಿ, ಹಿಂಸೆಯನ್ನು ಮಾಡದೆಯೂ ಅದರ ಫಲಕ್ಕೆ ಭಾಗಿಯಾಗುವವನುಂಟೆಂದು ವಿವರಿಸಿದ್ದಾರೆ. ಹಾಗಾದರೆ ನಾವು ಕೇಳಬೇಕಾದದ್ದು ಛರ್ರೆಯು ಯಾವುದಕ್ಕೆ ತಾಗಿತು ಎಂಬುದನ್ನು ಮಾತ್ರವಲ್ಲ, ಆನಂದವು ಯಾವುದರಿಂದ ಹುಟ್ಟಿತು ಎಂಬುದನ್ನೂ.

ಕ್ಲಬ್ಬಿನ ಮೂಲೆಯಲ್ಲಿ ತಗಡಿನಿಂದ ಕತ್ತರಿಸಿದ ಕೋಳಿ, ಹಂದಿ, ಟರ್ಕಿ ಕೋಳಿ, ಟಗರುಗಳ ಸಾಲೊಂದಿತ್ತು. ಇದೂ ಅಂಗೀಕೃತ ಕ್ರೀಡೆಯೇ. ಮೆಕ್ಸಿಕೊ ದೇಶದಲ್ಲಿ ಹಿಂದೆ ಜೀವಂತ ಪ್ರಾಣಿಗಳನ್ನೇ ಕಟ್ಟಿಹಾಕಿ ಗುರಿಯಿಡುತ್ತಿದ್ದರು. ಆ ಕ್ರೌರ್ಯವನ್ನು ಬಿಟ್ಟು ಅದೇ ಆಕಾರಗಳನ್ನು ಉಕ್ಕಿನಲ್ಲಿ ಕತ್ತರಿಸಿ ನಿಲ್ಲಿಸಿದರು. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ನೂರಾರು ಜೀವಂತ ಪಾರಿವಾಳಗಳನ್ನು ಹಾರಿಸಿ ಕೊಂದರು; ಈಗ ಹಾರಿಸುವ ಬಿಲ್ಲೆಗೂ ಮಣ್ಣಿನ ಪಾರಿವಾಳವೆಂಬ ಹೆಸರು ಉಳಿದುಕೊಂಡಿದೆ. ಜೀವವನ್ನು ಉಳಿಸಿದ ಈ ಬದಲಾವಣೆಯನ್ನು ನಾನು ಕೀಳೆಣಿಸುವವನಲ್ಲ. ಆದರೆ ಜನ್ನನ ಯಶೋಧರ ಚರಿತೆಯನ್ನು ಓದಿದ ಮನೆಯ ಮಗುವು ಆ ತಗಡಿನ ಕೋಳಿಯನ್ನು ನೋಡಿ ಸುಮ್ಮನೆ ಹೋಗುವುದು ಹೇಗೆ? ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರನು ಕಡಿದದ್ದು ಹಿಟ್ಟಿನ ಕೋಳಿಯನ್ನೇ. ಅಲ್ಲಿಯೂ ಜೀವವಿರಲಿಲ್ಲ. ಅಲ್ಲಿಯೂ ಯಾರಾದರೂ "ಹಿಟ್ಟಿಗೆ ಜೀವ ಇದೆಯೇನು?" ಎಂದು ಕೇಳಬಹುದಾಗಿತ್ತು. ಕೋಳಿಯೆಂದು ಸಂಕಲ್ಪಿಸಿ ಕತ್ತಿಯನ್ನೆತ್ತಿದ್ದೇ ತಾಯಿಮಕ್ಕಳನ್ನು ನವಿಲು ನಾಯಿಗಳ ಜನ್ಮದಿಂದ ಮೊದಲ್ಗೊಂಡು ಭವಾಂತರಗಳಲ್ಲಿ ಅಲೆಸಿತು.

ಈ ಕಥೆಯನ್ನು ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಅವಳಿಗೆ ನೆನಪಿಸಿದೆ. ಅವಳು ತುಸು ಯೋಚಿಸಿ, ತಾನು ಡಬ್ಬಿ ಉರುಳಿಸುವಾಗ ಕೋಳಿಯನ್ನೇನೂ ನೆನೆದಿರಲಿಲ್ಲವೆಂದಳು. ಅದು ನಿಜ. ತಗಡಿನ ಟಗರಿಗೆ ಗುರಿಯಿಡುವ ಎಲ್ಲರೂ ಕೊಲೆಯನ್ನು ಸಂಕಲ್ಪಿಸುತ್ತಾರೆಂದು ನಾನೂ ಹೇಳಲಾರೆ; ಪರರ ಭಾವವನ್ನು ಅಳೆಯಲು ನಮ್ಮಲ್ಲಿ ತಕ್ಕಡಿಯಿಲ್ಲ. ಆದರೆ ಆಕಾರವು ಭಾವಕ್ಕೆ ದಾರಿ ಮಾಡಿಕೊಡುತ್ತದೆ. ಜಿನಬಿಂಬದ ಮುಂದೆ ನಿಂತು ಶಾಂತಭಾವವನ್ನು ಪಡೆಯಬಹುದೆಂದು ನಂಬುವ ನಾವು, ಪ್ರಾಣಿಯ ಆಕಾರದ ಮುಂದೆ ನಿಂತು ಹೊಡೆಯುವುದರಿಂದ ಏನೂ ಆಗದೆಂದು ಹೇಳುವುದು ಸಲ್ಲದು. ಕಪ್ಪು ವೃತ್ತವಾದರೋ ಯಾವ ಪ್ರಾಣಿಯನ್ನೂ ಹೋಲುವುದಿಲ್ಲ.

ಆ ವೃತ್ತದ ಮುಂದೆ ಅವಳು ಮೂರನೆಯ ಪಿಸ್ತೂಲನ್ನು ಹಿಡಿದು ನಿಂತಾಗ ನಾನು ನಿರೀಕ್ಷಿಸದ ಸಂಗತಿಯೊಂದು ತಿಳಿಯಿತು. ದ್ರೋಣರ ಪರೀಕ್ಷೆಯಲ್ಲಿ ಅರ್ಜುನನಿಗೆ ಹಕ್ಕಿಯಲ್ಲದೆ ಬೇರೇನೂ ಕಾಣಲಿಲ್ಲವೆಂದು ನಾವೆಲ್ಲ ಕೇಳಿ ಬೆಳೆದವರು. ಪಿಸ್ತೂಲಿನ ಆಟದಲ್ಲಿ ಇದು ತಲೆಕೆಳಗು. ಗುರಿಯನ್ನು ದಿಟ್ಟಿಸಬಾರದು, ನಳಿಗೆಯ ತುದಿಯಲ್ಲಿರುವ ಮುಂಗಣೆಯನ್ನು ದಿಟ್ಟಿಸಬೇಕು, ಗುರಿಯು ಮಸುಕಾಗಿಯೇ ಇರಬೇಕು. ಆ ಮುಂಗಣೆಯು ಎಂದೂ ನಿಶ್ಚಲವಾಗಿರುವುದಿಲ್ಲ. ಉಸಿರು ಅದನ್ನು ಏರಿಳಿಸುತ್ತದೆ, ಎದೆಯ ಬಡಿತವು ಅಲುಗಿಸುತ್ತದೆ. ಹೊಡೆಯಬೇಕೆಂಬ ಆತುರ ಹೆಚ್ಚಿದಷ್ಟೂ ಬೆರಳು ಕಿತ್ತೆಳೆಯುತ್ತದೆ, ಛರ್ರೆಯು ಅಂಚಿಗೆ ಹೋಗುತ್ತದೆ. ಮನಸ್ಸು ಒಪ್ಪದಿದ್ದರೆ ಕೈಯನ್ನು ಇಳಿಸಿ ಮತ್ತೆ ಆರಂಭಿಸಬೇಕು. ಅವಳು ಒಂದೇ ಹೊಡೆತಕ್ಕೆ ನಾಲ್ಕು ಬಾರಿ ಕೈ ಇಳಿಸಿದಳು. ಡಬ್ಬಿಗಳ ಮುಂದೆ ಕೇಕೆ ಹಾಕಿದವಳೇ ಇವಳು; ಒಂದು ಗಂಟೆಯವರೆಗೆ ಮಾತಿಲ್ಲ. ಇದನ್ನು ಸಾಮಾಯಿಕವೆಂದು ಕರೆಯುವಷ್ಟು ಉತ್ಸಾಹ ನನಗಿಲ್ಲ. ಹಾಗೆ ಕರೆಯುವವರನ್ನು ಕಂಡರೆ ಭಯವೂ ಆಗುತ್ತದೆ. ಕಾಗದದಲ್ಲಿ ಅಚ್ಚುಕಟ್ಟಾದ ದುಂಡು ತೂತು ಬೀಳಲೆಂದು ತಲೆ ಚಪ್ಪಟೆಯಾಗಿ ಮಾಡಿದ ಛರ್ರೆ, ಒಮ್ಮೆಗೆ ಒಂದೇ ಹೊಡೆತ, ಕೈಯ ಅಳತೆಗೆ ಕೊರೆದ ಹಿಡಿ: ಇವೆಲ್ಲವನ್ನೂ ನೋಡಿದ ಮೇಲೆ ತಂದೆಯವರ ಒರೆಗಲ್ಲಿಗೆ ಈ ವಸ್ತುವು ಇಲಿಬೋನಿಗಿಂತ ಕೊಡಲಿಗೆ ಹತ್ತಿರವೆಂದು ತೋರಿತು. ಇಷ್ಟೇ ನಾನು ಹೇಳಬಲ್ಲೆ.

ಬಳಸಿದ, ಒಂದೇ ಎಳೆತದ ಪಿಸ್ತೂಲನ್ನು ಕೊಂಡೆವು. ಅದು ಕ್ಲಬ್ಬಿನ ಬೀಗದ ಕಪಾಟಿನಲ್ಲಿಯೇ ಇರುತ್ತದೆ, ಮನೆಗೆ ಬರುವುದಿಲ್ಲ. ಗುರಿ ಕಪ್ಪು ವೃತ್ತವೊಂದೇ. ಛರ್ರೆಯ ಡಬ್ಬಿಯನ್ನು ಕೊಳ್ಳುವ ಕೆಲಸ ನನ್ನದು, ಎಣಿಸಿ ಕೊಡುವುದೂ ನನ್ನದೇ. ಸೀಸವನ್ನು ಮುಟ್ಟಿದ ಕೈಯನ್ನು ತೊಳೆಯದೆ ಏನನ್ನೂ ತಿನ್ನಕೂಡದೆಂಬುದನ್ನು ಅವಳ ಅಜ್ಜಿ ಸೇರಿಸಿದರು. ಪಿಸ್ತೂಲಿಗೆ ಅವರ ಸಮ್ಮತಿ ಇನ್ನೂ ಇಲ್ಲ, ಅದನ್ನು ಮುಚ್ಚಿಡಬಾರದು.

ಮೊದಲನೆಯ ಡಬ್ಬಿಯನ್ನು ಕೊಳ್ಳಲು ಹೋದಾಗ ಅಂಗಡಿಯ ಹುಡುಗನು ಗುರುತಿನ ಚೀಟಿಯನ್ನು ಬರೆದುಕೊಂಡು, ಚೂಪೋ ಚಪ್ಪಟೆಯೋ ಎಂದು ಕೇಳಿದನು. ಚಪ್ಪಟೆ ಎಂದೆ. ಏತಕ್ಕೆಂದು ಅವನು ಮುಂದೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನಮ್ಮ ಬಸದಿಯ ಟ್ರಸ್ಟಿನ ಹಿರಿಯರೊಬ್ಬರು ಇದನ್ನೆಲ್ಲ ಕೇಳಿಕೊಂಡು ಒಂದೇ ಪ್ರಶ್ನೆಯನ್ನು ಹಾಕಿದರು: ನಾಳೆ ಹುಡುಗಿಗೆ ಆಟ ಸಾಕೆನಿಸಿದರೆ ಆ ಪಿಸ್ತೂಲನ್ನು ಏನು ಮಾಡುವಿರಿ? ಮಾರಿದರೆ ಅಪರಿಚಿತನ ಕೈಗೆ ಹಿಂಸಾದಾನ. ಮನೆಯಲ್ಲಿಟ್ಟರೆ ನಿರುಪಯುಕ್ತ ಪರಿಗ್ರಹ. ಮುರಿದು ಹಾಕಿದರೆ ಕಲಿಯಬೇಕೆಂಬ ಇನ್ನೊಂದು ಮಗುವಿಗೆ ನಷ್ಟ. ಕ್ಲಬ್ಬಿಗೇ ಒಪ್ಪಿಸುವುದೆಂದು ನಾನು ಯೋಚಿಸಿದ್ದೇನೆ. ಆದರೆ ಕ್ಲಬ್ಬು ಅದನ್ನು ಯಾರಿಗೂ ಮಾರದೆಂಬ ಬರಹವನ್ನು ಕೊಡಲು ಅವರು ಇನ್ನೂ ಒಪ್ಪಿಲ್ಲ. ಎರಡು ಪತ್ರಗಳನ್ನು ಬರೆದಿದ್ದೇನೆ.