ಸಿಟ್ಟಿಗೆ ಬೆಲೆ ಕಟ್ಟಿದ ಮೇಲೆ

ಸಿಟ್ಟು ಸಂತೆಗೆ ಬಂದ ಮೇಲೂ ಸಿಟ್ಟಾಗಿಯೇ ಉಳಿಯುತ್ತದೆಯೆ? ಬಂಡಾಯ ಎಂಬ ಮಾತನ್ನು ದಿನವೂ ಆಡುವ ನಾವು ಇದನ್ನು ಕೇಳಿಕೊಳ್ಳಲೇಬೇಕು. ಸಾಕ್ಷಿಗೆ ಅಮೆರಿಕದ ಕಂಟ್ರಿ ಹಾಡುಗಾರ ಮರ್ಲ್ ಹ್ಯಾಗರ್ಡ್‌ನನ್ನು ಕರೆಯೋಣ. 1962ರಿಂದ 1994ರವರೆಗಿನ ಅವನ ನೂರು ಹಾಡುಗಳನ್ನು ಕ್ಯಾಪಿಟಲ್ ಕಂಪನಿ 1996ರಲ್ಲಿ ನಾಲ್ಕು ಸಿ.ಡಿ.ಗಳಲ್ಲಿ ತುಂಬಿ 'ಡೌನ್ ಎವ್ರಿ ರೋಡ್' ಅಂತ ಹೆಸರಿಟ್ಟು ಮಾರಿತು. ಒಂದು ಬದುಕಿನ ಬೆವರೆಲ್ಲ ಒಂದು ಪೆಟ್ಟಿಗೆಯಲ್ಲಿ.

ಯಾರ ಬೆವರು? ಹ್ಯಾಗರ್ಡ್‌ನ ಅಪ್ಪ ಅಮ್ಮ 1930ರ ದಶಕದಲ್ಲಿ ಒಕ್ಲಹೋಮಾದಿಂದ ಕ್ಯಾಲಿಫೋರ್ನಿಯಾಕ್ಕೆ ಗುಳೆ ಬಂದವರು. ಹಾಗೆ ಬಂದವರನ್ನು ಅಲ್ಲಿಯವರು 'ಓಕಿ' ಅಂತ ಹೀಯಾಳಿಸುತ್ತಿದ್ದರು. ಆಯಿಲ್‌ಡೇಲ್‌ನಲ್ಲಿ ರೈಲಿನ ಗೂಡ್ಸ್ ಡಬ್ಬಿಯೊಂದನ್ನು ಅಪ್ಪ ಮನೆ ಮಾಡಿಕೊಂಡ. 1937ರಲ್ಲಿ ಮಗ ಹುಟ್ಟಿದ. ಹುಡುಗನಿಗೆ ಹತ್ತು ತುಂಬುವ ಮೊದಲೇ ಅಪ್ಪ ಸತ್ತ. ಆಮೇಲೆ ಅಲೆದಾಟ, ಕಳ್ಳತನ, ಕೊನೆಗೆ ಸ್ಯಾನ್ ಕ್ವೆಂಟಿನ್ ಜೈಲು. ಹೊರಬಂದದ್ದು 1960ರಲ್ಲಿ. ಜೈಲಿನ ಗುರುತು ಮೈಮೇಲಿಂದ ಹೋಗೋದಿಲ್ಲ ಅನ್ನುವ ನೋವೇ ಅವನ 'ಬ್ರ್ಯಾಂಡೆಡ್ ಮ್ಯಾನ್' ಹಾಡಾಯಿತು.

1976ರಲ್ಲಿ ಆರ್‌ಸಿಎ ಕಂಪನಿ 'ವಾಂಟೆಡ್! ದಿ ಔಟ್‌ಲಾಸ್' ಎಂಬ ರೆಕಾರ್ಡ್ ತಂದಿತು. ಪೊಲೀಸರು ಅಂಟಿಸುವ ಪೋಸ್ಟರಿನಂಥ ಮುಖಪುಟ. ಒಳಗೆ ಹೆಚ್ಚಿನವು ಮೊದಲೇ ಬಂದಿದ್ದ ಹಾಡುಗಳು. ಕಂಟ್ರಿ ಸಂಗೀತದಲ್ಲಿ ಪ್ಲಾಟಿನಂ ಮನ್ನಣೆ ಪಡೆದ ಮೊದಲ ಆಲ್ಬಂ ಅದೇ. ಕಾನೂನು ಮೀರಿದವರು ಎಂಬ ಮಾತು ಹೀಗೆ ಸರಕಿನ ಚೀಟಿಯಾಯಿತು. ಜೈಲಿನ ಕೂಳುಂಡು ಬಂದ ಹ್ಯಾಗರ್ಡ್ ಆ ರೆಕಾರ್ಡಿನಲ್ಲಿ ಇರಲಿಲ್ಲ!

ಹಾಗಂತ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಬೇಕಿಲ್ಲ. 1969ರ 'ಓಕಿ ಫ್ರಂ ಮಸ್ಕೋಗಿ' ಹಾಡಿನಲ್ಲಿ ಅವನು ಬೈಗುಳವನ್ನೇ ಬಾವುಟ ಮಾಡಿಕೊಂಡ. ಈ ವಿದ್ಯೆ ನಮಗೂ ಗೊತ್ತು. ಆದರೆ ಬಾವುಟ ಬೀಸಿದ್ದು ಯಾರ ಮೇಲೆ? ಸೇನೆಯ ಕರೆಚೀಟಿ ಸುಟ್ಟ, ವಿಯಟ್ನಾಂ ಯುದ್ಧ ಬೇಡವೆಂದ ಹುಡುಗರ ಮೇಲೆ. ಹಾಡು ನಂಬರ್ ಒನ್ ಆಯಿತು. ಗುಳೆ ಬಂದವರ ಮಗ ಯಜಮಾನರ ಮನೆಯ ಮುದ್ದಿನ ಮಗನಾದ.

ಅದೇ ಹೊತ್ತಿಗೆ ಅವನ ಕೈಯಲ್ಲಿ ಇನ್ನೊಂದು ಹಾಡಿತ್ತು: 'ಅರ್ಮಾ ಜಾಕ್ಸನ್'. ಬಿಳಿಯ ಹುಡುಗ, ಕರಿಯ ಹುಡುಗಿಯ ಪ್ರೀತಿ. ಇಂಥ ಮದುವೆಗಳ ಮೇಲಿನ ನಿಷೇಧವನ್ನು ಅಲ್ಲಿಯ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1967ರಲ್ಲಷ್ಟೆ. ಮುಂದಿನ ಹಾಡು ಇದೇ ಆಗಲಿ ಅಂದ ಹ್ಯಾಗರ್ಡ್. ಕಂಪನಿ ಒಪ್ಪಲಿಲ್ಲ. ಬದಲಿಗೆ 1970ರಲ್ಲಿ ದೇಶಭಕ್ತಿಯ ತೋಳೇರಿಸುವ 'ದಿ ಫೈಟಿನ್ ಸೈಡ್ ಆಫ್ ಮಿ' ಬಂತು. 'ಅರ್ಮಾ ಜಾಕ್ಸನ್' ಹೊರಬಂದದ್ದು 1972ರಲ್ಲಿ. ಅವನ ಮೂವತ್ತೆಂಟು ನಂಬರ್ ಒನ್ ಹಾಡುಗಳ ಸಾಲಿನಲ್ಲಿ ಅದಿಲ್ಲ.

ಇಲ್ಲಿದೆ ನೋಡಿ ಗುಟ್ಟು. ಜೈಲನ್ನು ಹಾಡಿದರೆ ಮಾರುಕಟ್ಟೆ ಕಣ್ಣೀರು ಹಾಕುತ್ತದೆ. ಬಡತನವನ್ನು ಹಾಡಿದರೆ ಚಪ್ಪಾಳೆ ತಟ್ಟುತ್ತದೆ. ಬಣ್ಣದ ಬೇಲಿ ದಾಟಿದರೆ ಮಾತ್ರ ಬಾಗಿಲು ಹಾಕುತ್ತದೆ. ಮಿಸಿಸಿಪ್ಪಿಯ ಕರಿಯ ಗೇಣಿದಾರನ ಮಗ ಚಾರ್ಲಿ ಪ್ರೈಡ್‌ನ ಮೊದಲ ಹಾಡುಗಳನ್ನು 1966ರಲ್ಲಿ ರೇಡಿಯೋ ಕೇಂದ್ರಗಳಿಗೆ ಕಳಿಸುವಾಗ ಕಂಪನಿ ಅವನ ಫೋಟೋ ಕಳಿಸಲಿಲ್ಲ. ದನಿ ಬೇಕು, ಮುಖ ಬೇಡ! ಕಾನೂನು ಮೀರಿದವನೆಂದು ಮೆರೆಯುವ ಪುಣ್ಯವೂ ಬಿಳಿಯನಿಗೇ ಮೀಸಲು.

ಹೊಟ್ಟೆಗಾಗಿ ಹಾಡುವುದು ತಪ್ಪಲ್ಲ. ಹಸಿದವನಿಗೆ ಕೂಲಿ ತಗೋಬೇಡ ಅನ್ನುವುದು ಹೊಟ್ಟೆ ತುಂಬಿದವರ ನೀತಿ. ತಪ್ಪಿರುವುದು, ಕೊಳ್ಳುವವನ ಮೋರೆ ನೋಡಿ ಮುಂದಿನ ಹಾಡು ಆರಿಸುವಲ್ಲಿ. ಆದ್ದರಿಂದ ಗೆಳೆಯರೆ, ಯಾರದೇ ಸಮಗ್ರ ಸಂಪುಟ ಕೈಗೆ ಬಂದಾಗ, ನಾಳೆ ನಮ್ಮದೇ ಬಂದರೂ, ಗೆದ್ದ ಹಾಡುಗಳನ್ನು ಎಣಿಸುವುದು ಬೇಡ. ತಡೆದು ನಿಲ್ಲಿಸಿದ ಹಾಡು ಯಾವುದು, ತಡೆದವರು ಯಾರು ಎಂದು ಕೇಳೋಣ. ಬಂಡಾಯದ ಅಳತೆಗೋಲು ಅದೊಂದೇ.