ಸ್ಪರ್ಧೆಯೂ ಫಲಾಪೇಕ್ಷೆಯೂ

ಸ್ಪರ್ಧೆಯು ಮನುಷ್ಯನನ್ನು ಬೆಳೆಸುವುದೋ ಕೆಡಿಸುವುದೋ ಎಂಬುದು ಹಳೆಯ ಪ್ರಶ್ನೆ. ಇದರ ವಿಚಾರಕ್ಕೆ ಅಮೆರಿಕಾದ ಗಾಲ್ಫ್ ಆಟಗಾರನಾದ ಆರ್ನಾಲ್ಡ್ ಪಾಮರನ (1929–2016) ಜೀವನವು ಒಳ್ಳೆಯ ನಿದರ್ಶನವಾಗಿದೆ. ಚೆಂಡನ್ನು ಕಡಮೆ ಹೊಡೆತಗಳಿಂದ ಗುಳಿಗಳಿಗೆ ಸೇರಿಸಿದವನೇ ಆ ಆಟದಲ್ಲಿ ವಿಜಯಿ. 1966ರ ಯು.ಎಸ್. ಓಪನ್ ಪಂದ್ಯದಲ್ಲಿ ಇನ್ನು ಒಂಬತ್ತೇ ಗುಳಿಗಳು ಉಳಿದಿರಲು, ಪಾಮರನು ಏಳು ಹೊಡೆತಗಳಷ್ಟು ಮುಂದಿದ್ದನು. ಗೆಲುವು ಕೈಸೇರಿತೆಂದೇ ಬಗೆದು, 1948ರಲ್ಲಿ ಬೆನ್ ಹೋಗನನು ಸ್ಥಾಪಿಸಿದ್ದ 276 ಹೊಡೆತಗಳ ದಾಖಲೆಯನ್ನು ಮುರಿಯುವುದರಲ್ಲಿ ಮನಸ್ಸಿಟ್ಟನು. ಎರಡನೆಯ ಸ್ಥಾನವಾದರೂ ಉಳಿಯಲೆಂದು ಆಡುತ್ತಿದ್ದ ಬಿಲ್ಲಿ ಕ್ಯಾಸ್ಪರನು ಅವನನ್ನು ಸರಿಗಟ್ಟಿದನು; ಮರುದಿನದ ನಿರ್ಣಾಯಕ ಆಟದಲ್ಲಿ ಪಾಮರನ 73ಕ್ಕೆ ಪ್ರತಿಯಾಗಿ 69 ಹೊಡೆತಗಳಲ್ಲಿ ಮುಗಿಸಿ ಗೆದ್ದನು. ಆ ಪದವಿಯು ಪಾಮರನಿಗೆ ಮತ್ತೆಂದೂ ದೊರೆಯಲಿಲ್ಲ.

ಇದೇ ಪಾಮರನು ವಿಮಾನಚಾಲಕನೂ ಆಗಿದ್ದನು. ಆಕಾಶಯಾನದ ಅಂಜಿಕೆಯನ್ನು ನೀಗಲೆಂದು ಆ ವಿದ್ಯೆಯನ್ನು ಕಲಿತವನು, 1976ರಲ್ಲಿ ಸಂಗಡಿಗರೊಡನೆ 58 ಗಂಟೆಗಳೊಳಗೆ ಭೂಪ್ರದಕ್ಷಿಣೆ ಮಾಡಿ ಬಂದನು. ಅಲ್ಲಿಯೂ ದಾಖಲೆಯ ಆಸೆ ಇದ್ದೇ ಇತ್ತು. ಆದರೆ ವಿಮಾನವನ್ನು ನೆಲಕ್ಕಿಳಿಸುವವನು ಕೀರ್ತಿಯನ್ನು ನೆನೆಯುತ್ತ ಕೂಡಲಾಗದು. ಎತ್ತರ, ವೇಗ, ಗಾಳಿಯ ದಿಕ್ಕು, ಇವೇ ಆಗ ಅವನ ಲೋಕ.

ಆದುದರಿಂದ ಫಲವನ್ನು ಬಯಸುವುದರಲ್ಲಿ ದೋಷವಿಲ್ಲ. ಫಲವು ಬರುವ ಮೊದಲೇ ಮನಸ್ಸು ಅದರ ಬಳಿ ಹೋಗಿ ಕುಳಿತು, ಕೈಯಲ್ಲಿರುವ ಕೆಲಸವನ್ನು ಅನಾಥಗೊಳಿಸುವುದೇ ದೋಷವು. ಫಲತ್ಯಾಗವೆಂದರೆ ಸೋಲಿಗೆ ಒಪ್ಪುವುದೆಂದು ಹಲವರು ತಿಳಿಯುವರು. ನಿಜವಾಗಿ ಅದು ಮುಂದಿನ ಹೊಡೆತಕ್ಕೆ ಪೂರ್ಣಮನಸ್ಸನ್ನು ಒದಗಿಸುವ ಸಾಧನವು. ಮಕ್ಕಳಿಗೆ ಪ್ರಥಮಸ್ಥಾನವನ್ನೇ ಜಪಿಸಲು ಕಲಿಸುವ ತಾಯ್ತಂದೆಗಳು ಇದನ್ನು ವಿಚಾರಿಸತಕ್ಕದ್ದು.